ಟ್ರೇ ತುಂಬ ಸಿರಿಂಜ್

ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ಡಾಕ್ಟರ ಟ್ರೇ ಕಂಡ ಹೊಸಬರು ಕೇಳುವುದು ಒಂದೇ: ಸಿರಿಂಜ್‌ಗಳು ಒಂದೊಂದೂ ಒಂದೊಂದು ಸೈಜ್ ಯಾಕೆ?

ಅರ್ಧ ಉತ್ತರ ಬರೀ ಲೆಕ್ಕ. ನಿದ್ದೆ ಬರಿಸುವ ಔಷಧಿ ಪ್ರೊಪೊಫಾಲ್ ಒಂದು ಎಂಎಲ್‌ಗೆ 10 ಮಿಲಿಗ್ರಾಂ. 60 ಕೆಜಿ ತೂಕದವರನ್ನು ಮಲಗಿಸಲು ಹತ್ತಿರ ಹತ್ತಿರ 12 ಎಂಎಲ್ ಬೇಕು, ಅದಕ್ಕೇ 20ರ ಸಿರಿಂಜ್. ನೋವು ಕಡಿಮೆ ಮಾಡುವ ಫೆಂಟನಿಲ್‌ನ ಆಂಪ್ಯೂಲ್ (ಪುಟ್ಟ ಗಾಜಿನ ಶೀಶೆ) ಸಾಮಾನ್ಯವಾಗಿ 2 ಎಂಎಲ್. ಪುಟ್ಟದು ಸಾಕು.

ಉಳಿದರ್ಧ ನನಗೆ ಜಾಸ್ತಿ ಇಷ್ಟ. ಪ್ರೊಪೊಫಾಲ್ ಹಾಲಿನಷ್ಟು ಬೆಳ್ಳಗೆ, ಯಾರಿಗಾದರೂ ಗೊತ್ತಾಗುತ್ತದೆ. ಮಿಕ್ಕವುಗಳಲ್ಲಿ ಬಹುಪಾಲಿಗೆ ಬಣ್ಣವೇ ಇಲ್ಲ. ಬಿಪಿ ಏರಿಸುವ ಔಷಧಿ, ಸ್ನಾಯು ಸಡಿಲಿಸುವ ಔಷಧಿ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಎರಡೂ ಒಂದೇ. ಸಿಸೇರಿಯನ್‌ಗೆ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್) ಕೊಟ್ಟ ಮೇಲೆ ಬಿಪಿ ದಬಕ್ಕನೆ ಇಳಿಯುವುದುಂಟು. ಆಗ ಹುಡುಕುತ್ತಾ ಕೂರಲು ಆಗಲ್ಲ, ಅಲ್ವಾ? ಬಿಪಿ ಏರಿಸುವ ಎಫೆಡ್ರಿನ್ 30 ಮಿಲಿಗ್ರಾಂಗೆ ಸಲೈನ್ ಬೆರೆಸಿ 10ರ ಸಿರಿಂಜ್ ತುಂಬಿ ಮೊದಲೇ ಇಟ್ಟಿರುತ್ತಾರೆ. ಒಂದು ಎಂಎಲ್ ಒತ್ತಿದರೆ 3 ಮಿಲಿಗ್ರಾಂ. ಮಾನಿಟರ್ ನೋಡುತ್ತಲೇ ಕೈ ದಪ್ಪದಿಂದಲೇ ಗುರುತಿಸಿ ಆ ಸಿರಿಂಜ್ ಹಿಡಿದುಕೊಳ್ಳುತ್ತದೆ.

ಹಾಗಂತ ಕೈಯನ್ನೇ ನಂಬುವ ಹಾಗಿಲ್ಲ. ಲೇಬಲ್ ಬೇಕೇ ಬೇಕು: ಸ್ನಾಯು ಸಡಿಲಿಸುವುದಕ್ಕೆ ಕೆಂಪು, ಫೆಂಟನಿಲ್ ಥರದ್ದಕ್ಕೆ ನೀಲಿ, ಬಿಪಿ ಏರಿಸುವುದಕ್ಕೆ ನೇರಳೆ. ಈ ಬಣ್ಣಗಳಿಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಸೈಜ್‌ಗೆ ಮಾತ್ರ ಅಂಥದ್ದೇನಿಲ್ಲ, ಒಬ್ಬೊಬ್ಬ ಡಾಕ್ಟರದ್ದು ಒಂದೊಂದು ಪದ್ಧತಿ. ಬೇರೆಯವರು ತುಂಬಿಟ್ಟ ಸಿರಿಂಜ್ ಮುಟ್ಟಲೂ ಒಪ್ಪದವರಿದ್ದಾರೆ. ಪಕ್ಕಕ್ಕಿಟ್ಟು ಹೊಸದಾಗಿ ತುಂಬಿಕೊಳ್ಳುತ್ತಾರೆ.