ಬ್ಲೇಡಿನಿಂದ ಸೀಳಿದ ಬೂಟು

ಎರಡು ವಾರದಿಂದ ಬೈಕಿನ ಕ್ಲಚ್ ಬಿಗಿಯಾಗುತ್ತಿತ್ತು. ನ್ಯೂಟ್ರಲ್‌ಗೆ ಕಾಲಲ್ಲೇ ಹುಡುಕಾಟ. ಬೆರಳು ನೋಯುತ್ತಿದ್ದರೂ ನಾನು ವಯಸ್ಸನ್ನು ದೂರಿದೆನೇ ಹೊರತು ಕೇಬಲ್ಲನ್ನಲ್ಲ. ಮೊನ್ನೆ ಲಿವರ್ ಎಳೆದಾಗ ಏನೋ ‘ಚಟ್’ ಅಂತು. ಬಗ್ಗಿ ನೋಡಿದೆ. ಲಿವರಿನೊಳಗೆ ಕೂರುವ ನಿಪ್ಪಲ್ಲಿನ (ಕೇಬಲ್ ತುದಿಯ ಲೋಹದ ಗುಂಡಿನ) ಬುಡದಲ್ಲಿ ತಂತಿಯ ಎಳೆಗಳು ಹಳೇ ಪೊರಕೆಯ ಹಾಗೆ ಕೆದರಿಕೊಂಡಿದ್ದವು. ನಾಲ್ಕೈದು ಎಳೆ ಅಷ್ಟೇ ಉಳಿದಿತ್ತು.

ತಪ್ಪು ಯಾರದೆಂದು ಹುಡುಕಬೇಕಿರಲಿಲ್ಲ. ಹೋದ ಸಲ ಕೇಬಲ್ ಹಾಕಿದವನು ನಾನೇ. ಎಲ್ಲ ಜೋಡಿಸಿ ಕೈ ಒರೆಸಿಕೊಂಡ ಮೇಲೆ ಕೇಬಲ್ಲಿನ ಮೇಲ್ತುದಿಯನ್ನು ಮುಚ್ಚುವ ರಬ್ಬರ್ ಬೂಟು ಸ್ಟೂಲಿನ ಮೇಲೇ ಕೂತಿರುವುದು ಕಂಡಿತ್ತು. ಮತ್ತೆ ಬಿಚ್ಚುವವರು ಯಾರು? ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮೇಲಿಂದಲೇ ತೊಡಿಸಿದ್ದೆ. ಆ ಸೀಳು ಬಾಯಿಬಿಟ್ಟು, ಮಳೆನೀರು ಕೇಬಲ್ಲಿನ ಬಿಗಿ ಸರಿಮಾಡುವ ಅಡ್ಜಸ್ಟರಿನ ಸಂದಿಯಿಂದ ಕೇಬಲ್ಲಿನೊಳಕ್ಕೆ ಇಳಿದು ತುಕ್ಕು ಹಿಡಿಸಿತ್ತು. ನಿಪ್ಪಲ್ಲೂ ಒಣಗಿ ಗೂಡಿನಲ್ಲಿ ಕಚ್ಚಿಕೊಂಡಿತ್ತು. ಅದು ತಿರುಗದಿದ್ದರೆ ಲಿವರ್ ಎಳೆದಷ್ಟು ಸಲವೂ ತಂತಿಯೇ ಬಾಗಬೇಕು. ಒಂದೇ ಜಾಗದಲ್ಲಿ ಬಾಗಿ ಬಾಗಿ ಒಂದೊಂದೇ ಎಳೆ ಕಡಿಯುತ್ತದೆ.

ಬಿಚ್ಚುವುದು ಸುಲಭ. ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಅದರ ಸೀಳು, ಅದನ್ನು ಅಲುಗದಂತೆ ಹಿಡಿಯುವ ಲಾಕ್ ನಟ್ಟಿನ ಸೀಳು, ಲಿವರ್ ಹಿಡಿಯ ಸೀಳು ಮೂರನ್ನೂ ಒಂದೇ ಗೆರೆಗೆ ತಂದರೆ ತಂತಿ ಹೊರಬರುತ್ತದೆ. ಎಂಜಿನ್ ಕಡೆಯ ತುದಿಯನ್ನೂ ಕಳಚಿ, ಅದಕ್ಕೊಂದು ಹುರಿ ಕಟ್ಟಿ ಮೇಲಿನಿಂದ ಎಳೆದೆ. ಹುರಿ ಹಳೇ ದಾರಿಯಲ್ಲೇ ನಿಂತಿತು. ಹೊಸ ಕೇಬಲ್ ಅದರ ಬೆನ್ನು ಹಿಡಿದು ಇಳಿಯಿತು.

ಆಮೇಲೆ ಬೂಟು. ಅದರ ಕಿರಿಬಾಯಿ ನಿಪ್ಪಲ್ಲಿಗಿಂತ ಸಣ್ಣದು. ಕೈಗೆ ಹತ್ತಿರದಲ್ಲಿ ಎಂಜಿನ್ ಆಯಿಲ್ ಇತ್ತು, ಆದರೆ ಎಷ್ಟೋ ರಬ್ಬರು ಆಯಿಲ್ ಕುಡಿದು ಊದಿಕೊಳ್ಳುತ್ತವೆ. ಅಡುಗೆಮನೆಯಿಂದ ಪಾತ್ರೆ ತೊಳೆಯುವ ಸೋಪಿನ ನೀರು ತಂದು ಸವರಿದೆ. ತಿರುಚುತ್ತಾ ತಳ್ಳಿದಾಗ ನಿಪ್ಪಲ್ ‘ಪುಳಕ್’ ಎಂದು ಆಚೆ ಬಂತು. ಸಂತೋಷಪಟ್ಟು ನೋಡಿದರೆ ಬೂಟು ತಿರುಗುಮುರುಗು! ಅಗಲ ಬಾಯಿ ಲಿವರ್ ಕಡೆ ಇರಬೇಕು. ಮತ್ತೆ ತೆಗೆದು ಹಾಕಿದೆ. ಬ್ಲೇಡು ಅಲ್ಲೇ ಇತ್ತು, ಮುಟ್ಟಲಿಲ್ಲ.

ನಿಪ್ಪಲ್ಲಿಗೆ ಗ್ರೀಸ್ ಹಚ್ಚಿ ಕೂರಿಸಿದೆ. ಲಿವರಿನ ತುದಿಯಲ್ಲಿ 10–15 ಮಿಲಿಮೀಟರ್ ಪ್ಲೇ (ಸಡಿಲು) ಬರುವಂತೆ ಮೊದಲು ಎಂಜಿನ್ ಕಡೆಯ ನಟ್ಟುಗಳಲ್ಲಿ, ಆಮೇಲೆ ಮೇಲಿನ ಅಡ್ಜಸ್ಟರಿನಲ್ಲಿ ಸರಿಮಾಡಿದೆ. ಪ್ಲೇ ಇಲ್ಲದಿದ್ದರೆ ಕ್ಲಚ್ ಜಾರಿ ಪ್ಲೇಟು ಸುಡುತ್ತದೆ. ಅತಿಯಾದರೆ ಗೇರ್ ಹಾಕುವಾಗ ಕಟಕಟ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ, ಕೇಬಲ್ ಎಲ್ಲೂ ಎಳೆಯಲಿಲ್ಲ. ಕೊನೆಗೆ ಬೂಟನ್ನು ಅಡ್ಜಸ್ಟರಿನ ಮೇಲೆ ಜಾರಿಸಿದೆ.

ಈಗ ಎರಡು ಬೆರಳಲ್ಲೇ ಕ್ಲಚ್ ಹಿಡಿಯಬಹುದು. ಮೂರನೇ ದಿನ ಪ್ಲೇ ಸ್ವಲ್ಪ ಹೆಚ್ಚಿತ್ತು, ಹೊಸ ಕೇಬಲ್ ಕೂರುವಾಗ ಹಾಗೇ. ಬೂಟು ಹಿಂದಕ್ಕೆ ಸರಿಸಿ, ಅಡ್ಜಸ್ಟರನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ, ಲಾಕ್ ನಟ್ ಬಿಗಿದು, ಬೂಟನ್ನು ಮತ್ತೆ ಮುಂದಕ್ಕೆ ತಳ್ಳಿದೆ.