‘ಪಂಪು ಅಂತ ಹೇಳಿ, ಸಾಕು’

ಈ ವಾರ ಒಂದು ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ. ಫೋನಿನ ಆ ಕಡೆ ಪ್ರೊಫೆಸರು, ಈ ಕಡೆ ಕ್ಲಿಯರಿಂಗ್ ಏಜೆಂಟ್ (ವಿದೇಶದಿಂದ ಬಂದ ಸರಕನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವವರು) ಕಳಿಸಿದ್ದ ಹುಡುಗ. ಸ್ಪೀಕರ್ ಹಾಕಿದ್ದರಿಂದ ಸಂಶೋಧನಾ ಸಂಸ್ಥೆಯ ಖರೀದಿ ವಿಭಾಗದಲ್ಲಿ ಕೂತಿದ್ದ ಎಲ್ಲರಿಗೂ ಕೇಳಿಸಿತು.

"ಸರ್, ಕಸ್ಟಮ್ಸಿಂದ ಕ್ವೆರಿ ಬಂದಿದೆ. ಈ ಐಟಂ ಏನು ಕೆಲಸ ಮಾಡುತ್ತೆ, ಯಾವ ಮಷೀನಿಗೆ ಹಾಕ್ತೀರ ಅಂತ ಕೇಳಿದ್ದಾರೆ. ಏನಂತ ಬರೀಲಿ?"

"ಪಂಪು ಅಂತ ಹೇಳಿ, ಸಾಕು."

ಫೋನ್ ಕಟ್ಟಾಯಿತು. ಹುಡುಗ ಪಾಪ, ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ‘ಪ್ರಯೋಗಾಲಯದ ಬಳಕೆಗೆ ವ್ಯಾಕ್ಯೂಮ್ ಪಂಪ್’ ಎಂದು ಉತ್ತರ ಹಾಕಿದ. ಮಾರನೆಯ ದಿನ ಎರಡನೇ ಕ್ವೆರಿ ಬಂತು: ವ್ಯಾಕ್ಯೂಮ್ ಪಂಪ್ ಸಾಮಾನ್ಯ ಬಳಕೆಯ ಸರಕು, ವೈಜ್ಞಾನಿಕ ಉಪಕರಣದ ಭಾಗ ಎಂಬುದಕ್ಕೆ ದಾಖಲೆ ಕೊಡಿ, ಇಲ್ಲವಾದರೆ ಪೂರ್ತಿ ಸುಂಕ ಕಟ್ಟಿ. ಪೆಟ್ಟಿಗೆ ಅಷ್ಟರಲ್ಲಿ ದೇವನಹಳ್ಳಿಯ ಕಾರ್ಗೋ ಶೆಡ್ಡಿನಲ್ಲಿ ಕೂತಿತ್ತು. ಉಚಿತ ಅವಧಿ ಮುಗಿದ ಮೇಲೆ ತೂಕಕ್ಕೂ ದಿನಕ್ಕೂ ಲೆಕ್ಕ ಹಾಕಿ ಡೆಮರೇಜ್ (ಸರಕು ಇಟ್ಟುಕೊಂಡದ್ದರ ಬಾಡಿಗೆ) ಏರುತ್ತದೆ.

ಈ ವಿಷಯದಲ್ಲಿ ನಾನು ಕ್ವೆರಿ ಕಳಿಸಿದ ಕಸ್ಟಮ್ಸ್ ಅಧಿಕಾರಿಯ ಪಕ್ಷ. ವ್ಯಾಕ್ಯೂಮ್ ಪಂಪನ್ನು ಎಸಿ ರಿಪೇರಿಯವರು ಬಳಸುತ್ತಾರೆ, ಹಾಲು ಕರೆಯುವ ಯಂತ್ರದಲ್ಲಿ ಇರುತ್ತದೆ, ತಿಂಡಿ ಪೊಟ್ಟಣ ಕಟ್ಟುವಲ್ಲಿ ಇರುತ್ತದೆ. ಬೇರೆ ಊರಿನಲ್ಲಿ ಪರದೆಯ ಮುಂದೆ ಕೂತವರಿಗೆ ಇದು ಅದಲ್ಲ ಎಂದು ತಿಳಿಯುವುದು ಹೇಗೆ? ಬೇರೆ ಊರು ಅಂದೆ, ಯಾಕೆಂದರೆ ಈಗಿನ ಮೌಲ್ಯಮಾಪನ ಮುಖಾಮುಖಿಯಲ್ಲ. 2020ರ ಜೂನ್ 8ರಂದು ಫೇಸ್‌ಲೆಸ್ ಪದ್ಧತಿಯ ಮೊದಲ ಹಂತ ಶುರುವಾದದ್ದೇ ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಅದೂ ಸುಂಕ ಪಟ್ಟಿಯ 84 ಮತ್ತು 85ನೇ ಅಧ್ಯಾಯದ ಯಂತ್ರೋಪಕರಣಗಳಿಗೆ. ಪಂಪು ಬರುವುದು 84ರಲ್ಲೇ. ಮೊದಲಾದರೆ ಏಜೆಂಟು ಕ್ಯಾಟಲಾಗ್ ಹಿಡಿದು ಅಪ್ರೈಸರ್ (ಸುಂಕ ನಿರ್ಣಯಿಸುವ ಅಧಿಕಾರಿ) ಮೇಜಿನ ಮುಂದೆ ನಿಂತು ಕೈಸನ್ನೆಯಲ್ಲಾದರೂ ವಿವರಿಸುತ್ತಿದ್ದ. ಈಗ ಅಪ್‌ಲೋಡ್ ಆದ ಕಾಗದ ಎಷ್ಟು ಹೇಳುತ್ತದೋ ಅಷ್ಟೇ ಅವರಿಗೆ ಗೊತ್ತಾಗುವುದು. ಇದರಿಂದ ಕೈಬಿಸಿ ವ್ಯವಹಾರಕ್ಕೆ ಕಡಿವಾಣ ಬಿದ್ದಿದೆ, ಒಳ್ಳೆಯದೇ. ಆದರೆ ಬರೆಯುವವರ ಹೊಣೆ ಹೆಚ್ಚಿದೆ, ಅದು ನಮ್ಮ ವಿಭಾಗಗಳಿಗೆ ಇನ್ನೂ ಅರ್ಥವಾಗಿಲ್ಲ.

ಸಂಶೋಧನೆಗೆ ತರಿಸುವ ಸರಕಿಗೆ ಆಮದು ಸುಂಕದಲ್ಲಿ ಸಿಗುವ ರಿಯಾಯಿತಿಯ ಮೂಲ 1996ರ ಜುಲೈ 23ರ 51/96 ಸಂಖ್ಯೆಯ ಅಧಿಸೂಚನೆ. ಅದಕ್ಕೆ ಎಷ್ಟೋ ತಿದ್ದುಪಡಿ ಬಂದಿವೆ, ಆದರೂ ಖರೀದಿ ವಿಭಾಗಗಳ ಬಾಯಲ್ಲಿ ಇವತ್ತಿಗೂ ‘ಫಿಫ್ಟಿ ಒನ್ ನೈಂಟಿ ಸಿಕ್ಸ್’ ಅಂತಲೇ. (ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ಘೋಷಣಾ ಪತ್ರ, ಹಾಕುವ ದಿನ ಯಾವ ಅಧಿಸೂಚನೆ, ಯಾವ ಕ್ರಮಸಂಖ್ಯೆ ಜಾರಿಯಲ್ಲಿದೆಯೋ ನೋಡಿ ಅದನ್ನೇ ನಮೂದಿಸಬೇಕು, ಹಳೆಯ ಕಾಗದದಿಂದ ನಕಲು ಮಾಡಬಾರದು.) ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಶೋಧನಾ ಸಂಸ್ಥೆಗಳಿಗೆ, ವಿಶ್ವವಿದ್ಯಾಲಯಗಳಿಗೆ ಇದು ಸಿಗುತ್ತದೆ, ಆಸ್ಪತ್ರೆಗಳಿಗಿಲ್ಲ. ಉಪಕರಣಕ್ಕೆ ಮಾತ್ರವಲ್ಲ, ಅದರ ಬಿಡಿಭಾಗ, ಜೋಡಣೆ, ಬಳಸಿ ಮುಗಿಯುವ ಸಾಮಗ್ರಿ, ಸಾಫ್ಟ್‌ವೇರ್, ಪ್ರಯೋಗಕ್ಕೆ ತರಿಸುವ ಜೀವಂತ ಪ್ರಾಣಿಗಳಿಗೂ ಅನ್ವಯಿಸುತ್ತದೆ. ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ (ಡಿಎಸ್‌ಐಆರ್) ನೋಂದಣಿ ಪತ್ರ ಬೇಕು, ಅದಕ್ಕೊಂದು ಅವಧಿ ಇರುತ್ತದೆ. ನವೀಕರಣದ ಅರ್ಜಿ ಮೂರು ತಿಂಗಳ ಮುಂಚೆಯೇ ಹೋಗಿರಬೇಕು. ಪ್ರತಿ ಆಮದಿಗೂ ‘ಈ ಸರಕು ಸಂಶೋಧನೆಗೆ ಮಾತ್ರ ಬೇಕಾಗಿದೆ’ ಎಂದು ಸಂಸ್ಥೆಯ ಮುಖ್ಯಸ್ಥರು ಸಹಿ ಹಾಕಿದ ಪ್ರಮಾಣಪತ್ರ ಬೇಕು. ಉಪಕರಣ ಸ್ಥಾಪನೆಯಾದ ದಿನದಿಂದ ಐದು ವರ್ಷ ಅದನ್ನು ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಕೆಲಸ ಬದಲಿಸಿ ಬೇರೆ ಸಂಸ್ಥೆಗೆ ಹೋಗುವವರು ಯಂತ್ರವನ್ನೂ ಜೊತೆಗೆ ಒಯ್ಯಲು ಹೊರಟಾಗ ಈ ಷರತ್ತು ಎದುರಾಗುತ್ತದೆ, ಯಾರಿಗೂ ಅದರ ನೆನಪಿರುವುದಿಲ್ಲ.

ಆ ಪ್ರಮಾಣಪತ್ರದ ನಮೂನೆಯಲ್ಲಿ ಸರಕಿನ ಹೆಸರಿಗೆ ಒಂದು ಸಾಲಿನ ಜಾಗ. ಯಾತಕ್ಕೆ, ಹೇಗೆ ಎಂಬುದಕ್ಕೆ ಜಾಗವೇ ಇಲ್ಲ. ‘ಪಂಪು ಅಂತ ಹೇಳಿ, ಸಾಕು’ ಎನ್ನುವ ಧೋರಣೆ ಹುಟ್ಟುವುದು ಅಲ್ಲೇ ಅನ್ನಿಸುತ್ತದೆ.

ಪ್ರೊಫೆಸರರ ಲೆಕ್ಕ ಬೇರೆ ಇತ್ತು, ಅದನ್ನೂ ಹೇಳಬೇಕು. "ಎಷ್ಟು ವ್ಯತ್ಯಾಸ? ಕಟ್ಟಿ ಬಿಡಿಸಿಕೊಳ್ಳಿ" ಎಂದು ಆಮೇಲೆ ಹೇಳಿಕಳಿಸಿದರು. ಪಂಪಿನ ಬೆಲೆ, ಸಾಗಣೆ, ವಿಮೆ ಸೇರಿ 6 ಲಕ್ಷ ಅಂತ ಇಟ್ಟುಕೊಳ್ಳೋಣ. ರಿಯಾಯಿತಿ ಇಲ್ಲದೆ ಮೂಲ ಸುಂಕ ಶೇ. 7.5, ಅಂದರೆ 45,000. ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ 4,500. ಒಟ್ಟು 6,49,500ರ ಮೇಲೆ ಶೇ. 18 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) 1,16,910. ಎಲ್ಲ ಕೂಡಿ 1,66,410. ರಿಯಾಯಿತಿ ಸಿಕ್ಕರೆ ಮೂಲ ಸುಂಕ ಶೇ. 5, ಅದೇ ಕ್ರಮದಲ್ಲಿ 30,000, 3,000, 1,13,940 ಕೂಡಿ 1,46,940. ಉಳಿಯುವುದು 19,470 ರೂಪಾಯಿ. ಯಂತ್ರ ನಿಂತು ವಿದ್ಯಾರ್ಥಿಗಳು ಕೈಕಟ್ಟಿ ಕೂತಿರುವಾಗ ಇಷ್ಟಕ್ಕೆ ಯಾಕೆ ಒದ್ದಾಟ ಎಂಬ ಪ್ರಶ್ನೆ ತಪ್ಪಲ್ಲ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಸಿಗಬೇಕಾದ ರಿಯಾಯಿತಿ ಯಾಕೆ ಬಿಟ್ಟಿರಿ ಎಂದು ಆಡಿಟ್ ಕೇಳುತ್ತದೆ, ಆಗ ಉತ್ತರ ಬರೆಯಬೇಕಾದದ್ದು ಖರೀದಿ ವಿಭಾಗ. ಮುಂದಿನ ಸಲ ಇಂಥದೇ ಭಾಗ ಬಂದಾಗ ‘ಹಿಂದೆ ನೀವೇ ಪೂರ್ತಿ ಸುಂಕ ಕಟ್ಟಿದ್ದೀರಲ್ಲ’ ಎಂದು ಆ ಹಳೆಯ ಬಿಲ್ ಆಫ್ ಎಂಟ್ರಿಯನ್ನೇ ತೋರಿಸುತ್ತಾರೆ. ಕಟ್ಟಿ ಆಮೇಲೆ ವಾಪಸು ಕೇಳೋಣ ಎಂದರೆ, 2019ರಲ್ಲಿ ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಮೊದಲು ಆ ಸುಂಕ ನಿರ್ಣಯವೇ ಬದಲಾಗಬೇಕು. ಬರೀ ರಿಫಂಡ್ ಅರ್ಜಿ ನಿಲ್ಲುವುದಿಲ್ಲ. ಮೇಲ್ಮನವಿಗೆ 60 ದಿನ. 19,470 ರೂಪಾಯಿಗೆ ಮೇಲ್ಮನವಿ ಹೂಡುವವರು ಯಾರು?

ಗಂಟು ಬಿಡಿಸಿದ್ದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ. ಬೇರಾವುದೋ ಇಂಡೆಂಟಿಗೆ, ಅಂದರೆ ಖರೀದಿ ಬೇಡಿಕೆ ಪತ್ರಕ್ಕೆ, ಸಹಿ ಹಾಕಿಸಿಕೊಳ್ಳಲು ಬಂದು ನಿಂತಿದ್ದಳು. ಹುಡುಗ ಎರಡನೇ ಕ್ವೆರಿ ಓದಿ ಹೇಳಿದ್ದು ಕೇಳಿ ತಾನೇ ಮುಂದೆ ಬಂದಳು. "ಅಣ್ಣಾ, ಇದು ಮಾಮೂಲಿ ಪಂಪಲ್ಲ. ಇದರೊಳಗೆ ಫ್ಯಾನಿನ ಥರ ರೆಕ್ಕೆಗಳಿರ್ತವೆ. ನಿಮಿಷಕ್ಕೆ ಅರವತ್ತು ಸಾವಿರಕ್ಕಿಂತ ಹೆಚ್ಚು ಸುತ್ತು ತಿರುಗುತ್ತೆ. ಗಾಳಿಯ ಒಂದೊಂದು ಕಣಕ್ಕೂ ಹೊಡೆದು ಹೊರಗೆ ತಳ್ಳುತ್ತೆ" ಎಂದಳು. ಆಮೇಲೆ ಅಲ್ಲೇ ಇದ್ದ ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟಳು. ಆ ನಾಲ್ಕು ವಾಕ್ಯ ಹೀಗಿದ್ದವು:

‘ಇದು ಟರ್ಬೋ ಮಾಲಿಕ್ಯುಲರ್ ಪಂಪ್, ನಮ್ಮ ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರಿನ ಒಳಭಾಗ, ಅದೇ ತಯಾರಕರ ಪಾರ್ಟ್ ನಂಬರಿನದು. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಯಾನುಗಳು ಗಾಳಿಯ ಕಣಗಳಿಗೆ ಡಿಕ್ಕಿಯಾಗದೆ ಡಿಟೆಕ್ಟರ್ ತಲುಪಬೇಕು, ಅದಕ್ಕೆ 10⁻⁵ ಮಿಲಿಬಾರ್ ಅಥವಾ ಅದಕ್ಕಿಂತ ಕಡಿಮೆ ಒತ್ತಡ ಬೇಕು. ಈ ಪಂಪು ನೇರವಾಗಿ ಹೊರಗಿನ ಗಾಳಿಗೆ ಕೆಲಸ ಮಾಡುವುದಿಲ್ಲ, ಹಿಂದೆ ಇನ್ನೊಂದು ಪಂಪು ಮೊದಲು ಒತ್ತಡ ಇಳಿಸಿಕೊಟ್ಟ ಮೇಲೆ ಮಾತ್ರ ಓಡುತ್ತದೆ; ಆದ್ದರಿಂದ ಸಾಮಾನ್ಯ ಬಳಕೆಗೆ ಬಾರದು. ಹಳೆಯ ಪಂಪಿನ ಬೇರಿಂಗ್ ಸವೆದು ಯಂತ್ರ ನಿಂತಿದೆ.’

ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಕಣಗಳನ್ನು ತೂಗಿ ಗುರುತಿಸುವ ಯಂತ್ರ, ಅಯಾನು ಅಂದರೆ ವಿದ್ಯುದಾವೇಶವಿರುವ ಕಣ. ಮಾಮೂಲಿ ಗಾಳಿಯಲ್ಲಿ ಒಂದು ಕಣ ಇನ್ನೊಂದಕ್ಕೆ ತಾಗದೆ ಹೋಗುವ ದೂರ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆಕೆ ಬರೆದ ಒತ್ತಡದಲ್ಲಿ ಅದು ಕೆಲವು ಮೀಟರ್. ಯಂತ್ರ ಬದುಕುವುದು ಆ ಅಂತರದಿಂದ, ಪಂಪಿಲ್ಲದೆ ಆ ಅಂತರವಿಲ್ಲ. ಈ ವಿಷಯವನ್ನು ಪ್ರೊಫೆಸರು ತರಗತಿಯಲ್ಲಿ ಗಂಟೆಗಟ್ಟಲೆ ಸೊಗಸಾಗಿ ಹೇಳುತ್ತಾರೆ. ಕಸ್ಟಮ್ಸಿನವರು ಕೇಳಿದ್ದೂ ಅದನ್ನೇ. ಅವರಿಗೆ ಹೇಳಲು ಯಾಕೆ ಮನಸ್ಸಾಗಲಿಲ್ಲ? ಕೇಳಿದವನು ಏಜೆಂಟಿನ ಹುಡುಗ ಅಂತಲೇ? ಅಥವಾ ಕಾಗದ ಪತ್ರವೆಲ್ಲ ಗುಮಾಸ್ತರ ಪಾಲು ಅಂತಲೇ? ದೊಡ್ಡ ವಿದ್ವಾಂಸರು, ಅವರ ಬಗ್ಗೆ ನನಗೆ ಗೌರವವಿದೆ. ಈ ಒಂದು ವಿಷಯದಲ್ಲಿ ಅವರು ಮಾಡಿದ್ದು ನನಗೆ ಸರಿಕಾಣಲಿಲ್ಲ.

ಉತ್ತರದ ಜೊತೆ ಸಂಸ್ಥೆಯವರು ಮೂರು ಕಾಗದ ಹಾಕಿದರು: ಮಾಸ್ ಸ್ಪೆಕ್ಟ್ರೋಮೀಟರ್ ತರಿಸಿದಾಗಿನ ಬಿಲ್ ಆಫ್ ಎಂಟ್ರಿ (ಅದಕ್ಕೂ ಇದೇ ರಿಯಾಯಿತಿ ಸಿಕ್ಕಿತ್ತು), ಯಂತ್ರದ ಸೀರಿಯಲ್ ನಂಬರ್ ಕಾಣುವ ಫೋಟೋ, ತಯಾರಕರ ಪಾರ್ಟ್ಸ್ ಪಟ್ಟಿಯಲ್ಲಿ ಈ ಪಂಪಿನ ನಂಬರಿರುವ ಒಂದೇ ಒಂದು ಪುಟ. ಇಡೀ ಕ್ಯಾಟಲಾಗ್ ಹಾಕಬಾರದು, ನೂರು ಪುಟ ಓದುವ ಸಮಯ ಅಲ್ಲಿ ಯಾರಿಗೂ ಇರುವುದಿಲ್ಲ. ರಿಯಾಯಿತಿ ಒಪ್ಪಿಗೆಯಾಯಿತು.

ಇದೇ ಜಾಗದಲ್ಲಿ ಇನ್ನೂ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಪರ್ಚೇಸ್ ಆರ್ಡರ್, ಇನ್ವಾಯ್ಸ್, ಪ್ರಮಾಣಪತ್ರ ಮೂರರಲ್ಲೂ ಸರಕಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಆರ್ಡರಿನಲ್ಲಿ ‘ವ್ಯಾಕ್ಯೂಮ್ ಸಿಸ್ಟಮ್ ಸ್ಪೇರ್’, ಇನ್ವಾಯ್ಸಿನಲ್ಲಿ ‘ಟರ್ಬೋ ಪಂಪ್ ಕಿಟ್’ ಎಂದಿದ್ದರೆ ಕ್ವೆರಿ ಗ್ಯಾರಂಟಿ. ಆರ್ಡರ್ ಬರೆಯುವಾಗಲೇ ‘ಇಂಥ ಮಾಡೆಲ್ ಉಪಕರಣದ ಭಾಗ’ ಎಂದು ಸೇರಿಸಿ, ಇನ್ವಾಯ್ಸಿನಲ್ಲೂ ಹಾಗೇ ಬರೆಯಲು ಮಾರುವವರಿಗೆ ಷರತ್ತು ಹಾಕುವುದು ಕ್ಷೇಮ.

ಸಣ್ಣ ಭಾಗ ಅಂತ ಕೊರಿಯರಿನಲ್ಲಿ ಕಳಿಸಿಬಿಡುವುದು ಇನ್ನೊಂದು ದೊಡ್ಡ ತೊಂದರೆ. ಕೊರಿಯರ್ ಕಂಪನಿ ತಾನೇ ಪೂರ್ತಿ ಸುಂಕ ಕಟ್ಟಿ ಬಿಡಿಸಿ, ಪೆಟ್ಟಿಗೆ ಜೊತೆ ಬಿಲ್ಲು ತಂದು ಬಾಗಿಲಲ್ಲಿ ನಿಲ್ಲುತ್ತದೆ. ಪ್ರಮಾಣಪತ್ರ ತೋರಿಸಲು ಅವಕಾಶವೇ ಸಿಗುವುದಿಲ್ಲ. ವಾರಂಟಿಯಲ್ಲಿ ಬರುವ ಬಿಟ್ಟಿ ಭಾಗಕ್ಕೂ ಬೆಲೆ ನಮೂದಿಸಲೇಬೇಕು, ಸೊನ್ನೆ ಬೆಲೆಯ ಇನ್ವಾಯ್ಸ್ ಮುಂದೆ ಹೋಗುವುದಿಲ್ಲ. ಎಲ್‌ಸಿ (ಬ್ಯಾಂಕಿನ ಪಾವತಿ ಖಾತರಿ ಪತ್ರ) ಮೂಲಕ ಹಣ ಕಳಿಸುವಾಗ ಏರ್‌ವೇ ಬಿಲ್ (ವಿಮಾನ ಸಾಗಣೆಯ ಪತ್ರ) ಬ್ಯಾಂಕಿನ ಹೆಸರಿಗೆ ಬಂದಿದ್ದರೆ ಬ್ಯಾಂಕಿನ ರಿಲೀಸ್ ಆರ್ಡರ್ ಇಲ್ಲದೆ ಸರಕು ಬಿಟ್ಟುಕೊಡುವ ಡೆಲಿವರಿ ಆರ್ಡರ್ ಕೊಡುವುದಿಲ್ಲ. ಶುಕ್ರವಾರ ಸಂಜೆ ಬಂದಿಳಿದ ಸರಕಿಗೆ ಇದೊಂದೇ ಸಾಕು ಸೋಮವಾರದವರೆಗೆ ಕಾಯಿಸಲು. ಬಿಲ್ ಆಫ್ ಎಂಟ್ರಿ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ದಂಡ. ಪಂಪಿನ ಉಳಿತಾಯ ಅದರಲ್ಲೇ ಕರಗಿಹೋಗುತ್ತದೆ.

ನಿಜವಾದ ಭಾರ ಮೂಲ ಸುಂಕದ್ದಲ್ಲ, ಐಜಿಎಸ್‌ಟಿಯದು. 2022ರ ಜುಲೈ 17ರವರೆಗೆ ಈ ಸಂಸ್ಥೆಗಳಿಗೆ ಅದೂ ಶೇ. 5 ಇತ್ತು. ಒಂದು ಕೋಟಿಯ ಉಪಕರಣಕ್ಕೆ ಆಗ ಎಲ್ಲ ಸೇರಿ 10.775 ಲಕ್ಷ. ಈಗ ಅದೇ ಉಪಕರಣಕ್ಕೆ 24.49 ಲಕ್ಷ. ಹಳೆಯ ದರದಲ್ಲಿ ಅಂದಾಜು ಹಾಕಿ ಮಂಜೂರಾದ ಯೋಜನೆಗಳಲ್ಲಿ ಈ 13.7 ಲಕ್ಷಕ್ಕೆ ಜಾಗ ಎಲ್ಲಿಂದ ಬರಬೇಕು? ಕೊಡುವ ಸರ್ಕಾರವೇ ಪಡೆಯುವ ಸರ್ಕಾರ, ಬಲಜೇಬಿನಿಂದ ಎಡಜೇಬಿಗೆ. ಆದರೆ ನಡುವೆ ನಿಂತ ಪ್ರಯೋಗಾಲಯದ ಪಾಲಿಗೆ ಅದು ಕೊಳ್ಳಲಾಗದೆ ಉಳಿದ ಡಿಟೆಕ್ಟರು, ಒಬ್ಬ ಸಹಾಯಕನ ಸಂಬಳ. ಬರೀ ಶಿಕ್ಷಣ, ಸಂಶೋಧನೆ ಮಾಡುವಲ್ಲಿ ಅದನ್ನು ಹೊಂದಿಸಿಕೊಳ್ಳಲು ಇನ್‌ಪುಟ್ ಕ್ರೆಡಿಟ್ಟಿನ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುವ) ದಾರಿಯೂ ಇರುವುದಿಲ್ಲ.

ಪ್ರಯೋಗಾಲಯದ ಮಾತು ಗಟ್ಟಿಯಾಗಿ ಕೇಳಿಸಿದರೆ ಸರ್ಕಾರ ಕೇಳುತ್ತದೆ ಎಂಬುದಕ್ಕೆ 2024ರ ಉದಾಹರಣೆ ಇದೆ. ಆ ಜುಲೈ 23ರ ಬಜೆಟ್ಟಿನಲ್ಲಿ ಪ್ರಯೋಗಾಲಯ ರಾಸಾಯನಿಕಗಳ ಮೇಲಿನ ಸುಂಕ ಶೇ. 10ರಿಂದ ಒಮ್ಮೆಗೇ ಶೇ. 150ಕ್ಕೆ ಏರಿತು. ಆ ಶೀರ್ಷಿಕೆಯಡಿ ಮದ್ಯಸಾರ ತರಿಸುವವರನ್ನು ತಡೆಯುವುದು ಉದ್ದೇಶ, ಏಟು ಬಿದ್ದದ್ದು ಸಂಶೋಧಕರಿಗೆ. ವಿಜ್ಞಾನಿಗಳು ಏನು ತರಿಸುತ್ತೇವೆ, ಯಾತಕ್ಕೆ ಎಂದು ಬಿಡಿಸಿ ಹೇಳಿದರು. ಆಗಸ್ಟ್ 1ರ ಹೊತ್ತಿಗೆ, ಸ್ವಂತ ಬಳಕೆಗೇ ಎಂದು ಮುಚ್ಚಳಿಕೆ ಬರೆದುಕೊಡುವವರಿಗೆ ಶೇ. 10 ಮರಳಿ ಬಂತು.

ಅಮೆರಿಕದ ಪದ್ಧತಿ ಈ ವಿಷಯದಲ್ಲಿ ನನಗೆ ಹಿಡಿಸುತ್ತದೆ. ಅಲ್ಲಿ 1966ರ ಕಾನೂನಿನ ಪ್ರಕಾರ ಲಾಭದ ಉದ್ದೇಶವಿಲ್ಲದ ಸಂಸ್ಥೆ ವಿದೇಶಿ ಉಪಕರಣವನ್ನು ಸುಂಕವಿಲ್ಲದೆ ತರಿಸಬೇಕಾದರೆ, ಅದರಿಂದ ಯಾವ ಪ್ರಯೋಗ ಮಾಡುತ್ತೇವೆ, ಯಾವ ಗುಣಕ್ಕಾಗಿ ಇದೇ ಬೇಕು ಎಂದು ಅರ್ಜಿಯಲ್ಲಿ ಬರೆಯಬೇಕು. ಅದರ ಸಾರಾಂಶ ಸರ್ಕಾರಿ ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ, ಅದೇ ಯೋಗ್ಯತೆಯ ಉಪಕರಣ ಅಮೆರಿಕದಲ್ಲೇ ತಯಾರಾಗುತ್ತಿದೆ ಎನ್ನುವವರು 20 ದಿನದೊಳಗೆ ಹೇಳಬಹುದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಅರ್ಜಿಗಳಿಗೆ ‘ಆರ್ಡರ್ ಮಾಡಿದ ಹೊತ್ತಿಗೆ ಇಂಥದ್ದು ಇಲ್ಲಿ ತಯಾರಾಗುತ್ತಿರಲಿಲ್ಲ’ ಎಂಬ ತೀರ್ಮಾನ ಮತ್ತೆ ಮತ್ತೆ ಬಂದಿರುವುದು ಅಲ್ಲಿನ ಕಡತಗಳಲ್ಲಿದೆ. ಆ ದಾರಿ ನಿಧಾನದ್ದು, ಅದೇ ರೀತಿ ಇಲ್ಲಿ ತಂದರೆ ಕೆಲಸ ಇನ್ನೂ ತಡವಾದೀತು. ಆದರೆ ವಿಜ್ಞಾನಿ ತನ್ನ ಕೈಯಾರೆ ಒಂದು ಪ್ಯಾರಾ ಬರೆಯುವ ಆ ಭಾಗವನ್ನಷ್ಟೇ ನಮ್ಮ ಇಂಡೆಂಟಿಗೆ ಸೇರಿಸಿಕೊಳ್ಳಲು ಯಾವ ಕಾನೂನೂ ಬದಲಾಗಬೇಕಿಲ್ಲ. ಯಂತ್ರ ಕೊಳ್ಳುವಾಗ ಒಮ್ಮೆ ಬರೆದಿಟ್ಟರೆ ಪ್ರಮಾಣಪತ್ರಕ್ಕೆ ಲಗತ್ತಿಸಬಹುದು, ಕ್ವೆರಿ ಬಂದರೆ ಅದೇ ಉತ್ತರವಾಗುತ್ತದೆ. ವಿದ್ಯಾರ್ಥಿನಿಯ ನಾಲ್ಕು ವಾಕ್ಯಗಳನ್ನೇ ಮಾದರಿಯಾಗಿಟ್ಟು ಅಂಥದೊಂದು ಕಾಲಂ ಸೇರಿಸಲು ಟಿಪ್ಪಣಿ ಮೇಲಕ್ಕೆ ಹೋಗಿದೆ.

ಈಗ ಹಳೆಯ ಪಂಪನ್ನು ಬೇರಿಂಗ್ ಬದಲಿಸಲು ಹೊರದೇಶಕ್ಕೆ ಕಳಿಸುವ ಮಾತು ನಡೆದಿದೆ. ರಿಪೇರಿಗೆ ಹೋಗಿ ಮೂರು ವರ್ಷದೊಳಗೆ ವಾಪಸು ಬಂದ ಸರಕಿಗೆ ರಿಪೇರಿ ಖರ್ಚು ಮತ್ತು ಹೋಗಿಬರುವ ಸಾಗಣೆ, ವಿಮೆಯ ಮೇಲಷ್ಟೇ ಸುಂಕ ಬೀಳುತ್ತದೆ. ಆದರೆ ಹೋದದ್ದೇ ಬಂದಿದೆ ಎಂದು ತೋರಿಸಬೇಕು. ಹೊರಡುವ ಮುಂಚೆ ಶಿಪ್ಪಿಂಗ್ ಬಿಲ್ಲಿನಲ್ಲಿ (ರಫ್ತಿನ ಘೋಷಣಾ ಪತ್ರ) ಸೀರಿಯಲ್ ನಂಬರ್ ನಮೂದಾಗಿರಬೇಕು, ನಂಬರಿನ ಪಟ್ಟಿ ಕಾಣುವ ಫೋಟೋ ಕಡತದಲ್ಲಿರಬೇಕು. ಕಂಪನಿಯವರು ಬೇಗ ಆಗಲಿ ಎಂದು ಬೇರೆ ಸೀರಿಯಲ್ಲಿನ ಪಂಪನ್ನು ಬದಲಿಗೆ ಕಳಿಸಿದರೆ ಅದು ಹೊಸ ಆಮದು, ಪೂರ್ತಿ ಬೆಲೆಯ ಮೇಲೆ ಸುಂಕ. ರಿಪೇರಿ ಮಾಡಿ ಅದನ್ನೇ ವಾಪಸು ಕಳಿಸುತ್ತೀರೋ, ಬದಲಿ ಕೊಡುತ್ತೀರೋ ಎಂದು ಅವರಿಂದ ಬರವಣಿಗೆಯಲ್ಲಿ ತರಿಸಿಕೊಂಡ ಮೇಲೆಯೇ ಪ್ಯಾಕಿಂಗ್.