ಕೆರೆಯ ಕೇಸು: ಎಂಟನೇ ಅಧ್ಯಾಯ ದಾಟಿತು

ನಾನು ಬರೆಯುತ್ತಿರುವ ಪತ್ತೇದಾರಿ ಕಥೆಯ ಬಗ್ಗೆ ಹೋದ ಸಲ ಹೇಳಿದಾಗ ಹೆಣ ಸಿಕ್ಕಿತ್ತು, ಅಷ್ಟೇ. ಈಗ ಸ್ಟೇಷನ್ ಇದೆ, ಪಿಎಸ್‌ಐ ಇದ್ದಾನೆ, ಬಾಯಿ ಬಿಡದ ಸಾಕ್ಷಿಗಳೂ ಇದ್ದಾರೆ.

ಹೊಸದಾಗಿ ಓದುವವರಿಗೆ ಕಥೆ ಇಷ್ಟು. ನರಸಾಪುರ ಕೈಗಾರಿಕಾ ಪ್ರದೇಶದ ಪಕ್ಕ ಒಂದು ಹಳ್ಳಿ. ಊರಿನ ಹೆಸರು ನಾನೇ ಇಟ್ಟಿದ್ದು, ಹುಡುಕಬೇಡಿ. ಅಲ್ಲಿನ ಕೆರೆಯಲ್ಲಿ ಜಾರ್ಖಂಡ್‌ನಿಂದ ಕೂಲಿಗೆ ಬಂದ ಹುಡುಗನ ಹೆಣ ತೇಲುತ್ತದೆ. ನಮ್ಮ ಕೋಲಾರದ ಎಷ್ಟೋ ಕೆರೆಗಳ ಹಾಗೆ ಅದೂ ವರ್ಷಗಟ್ಟಲೆ ಒಣಗಿ, ಜಾಲಿ ಬೆಳೆದುಕೊಂಡು ಬಿದ್ದಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಕಡೆಯ ಕೆರೆಗಳಿಗೆ ಬರತೊಡಗಿತಲ್ಲ, ಕಥೆಯ ಕೆರೆಯೂ ಹಾಗೇ ತುಂಬಿದ್ದು. ಮಣ್ಣು ತೆಗೆದ ಗುಂಡಿ ಎಲ್ಲೆಲ್ಲಿದೆ ಅಂತ ಊರಿನವರಿಗೆ ಗೊತ್ತು, ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ. ಹಾಗಾಗಿ ಸ್ಟೇಷನ್‌ಗೆ ಇದು ಸಲೀಸಾದ ಕೇಸು. ಸ್ನಾನಕ್ಕೆ ಇಳಿದ, ಮುಳುಗಿದ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 194ರಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಹಾಕಿ, ಪಂಚನಾಮೆ ಬರೆದರೆ ಮುಗೀತು.

ಪಿಎಸ್‌ಐ ಶರಣಪ್ಪನನ್ನು ಯಾದಗಿರಿ ಕಡೆಯವನನ್ನಾಗಿ ಮಾಡಿದ್ದು ಈ ತಿಂಗಳ ದೊಡ್ಡ ಕೆಲಸ. ಅವನ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದವರು. ಕಟ್ಟಡದ ಕೆಲಸದ ಜಾಗದಲ್ಲಿ, ತಗಡಿನ ಶೆಡ್ಡಿನಲ್ಲಿ ಇವನು ಬೆಳೆದದ್ದು. ಈಗ ಕೋಲಾರಕ್ಕೆ ಪೋಸ್ಟಿಂಗ್. ಇಲ್ಲಿ ಊರಿನವರು ಅವನೆದುರೇ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಾರೆ. ಇಲ್ಲಿನ ಶೆಡ್ಡಿನಲ್ಲಿರುವ ಕೂಲಿಯವರದು ಹಿಂದಿ, ಸಂತಾಲಿ. ಸಾಹೇಬರು ಎರಡೂ ಕಡೆ ಹೊರಗಿನವರೇ. ಹಾಗಂತ ಅವನು ಕೂಲಿಯವರ ಕಷ್ಟಕ್ಕೆ ಕರಗುವ ಆಸಾಮಿ ಅಲ್ಲ. ಶೆಡ್ಡು ಕಂಡರೇ ಅವನಿಗೆ ಸಿಟ್ಟು. ಮರೆಯಬೇಕು ಅಂದುಕೊಂಡದ್ದು ಕಣ್ಣೆದುರು ಬಂದರೆ ಹಾಗೇ ಅಲ್ವಾ. ಓದಿದ ಗೆಳೆಯನೊಬ್ಬ "ಇವನನ್ನ ಸ್ವಲ್ಪ ಒಳ್ಳೆಯವನನ್ನಾಗಿ ಮಾಡೋ" ಅಂದ. ಮಾಡುವುದಿಲ್ಲ.

ಶೆಡ್ಡಿನ ವಿಚಾರಣೆಯ ಭಾಗ ನನಗೆ ಇಷ್ಟವಾಗಿದೆ. ಸ್ವಲ್ಪ ಇಲ್ಲಿ ಹಾಕುತ್ತೇನೆ:

ಮೇಸ್ತ್ರಿ ಅಂಗಿ ಜೇಬಿನಿಂದ ಆಧಾರ್ ಕಾರ್ಡುಗಳ ಕಟ್ಟು ತೆಗೆದ.
"ಎಲ್ಲಾರ್ದೂ ಅದಾವೇನ್ರೀ?" ಶರಣಪ್ಪ ಕೇಳಿದ.
"ಎಲ್ಲರದೂ ಇದೆ ಸಾರ್. ನಾನೇ ಜೋಪಾನವಾಗಿ ಇಟ್ಟಿರ್ತೀನಿ."
"ಚಲೋ ಆತು."
ಎಎಸ್‌ಐ ಸೆಲ್ವರಾಜು ಕಾರ್ಡು ನೋಡಲಿಲ್ಲ. ರಬ್ಬರ್ ಬ್ಯಾಂಡು ನೋಡಿದ. ಅದು ಬಿಸಿಲಿಗೆ ಕರಗಿ, ಮೇಲಿನ ಕಾರ್ಡಿಗೆ ಅಂಟಿಕೊಂಡಿತ್ತು. ಎಳೆದರೆ ತುಂಡಾಯಿತು.
"ಯಾವಾಗಿಂದ ಇಟ್ಕೊಂಡಿದ್ದೀಯಪ್ಪಾ?"

ಈ ಮೇಸ್ತ್ರಿಯೇ ಪೊಲೀಸರಿಗೆ ದುಭಾಷಿ. ಪ್ರಶ್ನೆ ಅವನ ಮೂಲಕ ಹೋಗಬೇಕು, ಉತ್ತರ ಅವನ ಮೂಲಕವೇ ಬರಬೇಕು. ಹುಡುಗರ ಕೂಲಿ ಬಾಕಿ ಇಟ್ಟುಕೊಂಡವನೂ ಅವನೇ. ಇಂಥ ಕಡೆ ಯಾರು ತಾನೇ ಬಾಯಿ ಬಿಡುತ್ತಾರೆ? ಪತ್ತೇದಾರಿ ಕಥೆಗಳಲ್ಲಿ ಸುಮ್ಮನಿರುವವನ ಮೇಲೆ ಮೊದಲು ಅನುಮಾನ. ನನ್ನ ಕಥೆಯಲ್ಲಿ ಸುಮ್ಮನಿರುವ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರಣ ಕೊಡುತ್ತಿದ್ದೇನೆ. ಒಬ್ಬನಿಗೆ ಬಾಕಿ ಕೂಲಿ. ಇನ್ನೊಬ್ಬನನ್ನು ಹಿಂದೆ ಮೋಟಾರು ಕಳವಾದಾಗ ಸುಮ್ನೆ ಎತ್ತಿಕೊಂಡು ಹೋಗಿ, ಮಾರನೇ ದಿನ ಬಿಟ್ಟಿದ್ದರು. ಮತ್ತೊಬ್ಬನಿಗೆ ಸತ್ತವನ ಮೇಲೇ ಸಿಟ್ಟು. ಕೊಲೆಗೆ ಸಂಬಂಧವಿರುವ ಮೌನ ಇವುಗಳಲ್ಲಿ ಒಂದೇ. ಅದನ್ನು ಹುಡುಕುವುದೇ ಕಥೆ.

ಪೊಲೀಸರ ಕಡೆಯ ಭಯವೂ ಬೇಕು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಲಾಟೆಯಾಗಿ ಗಾಜು ಪುಡಿಯಾಗಿತ್ತು. ಕಾರ್ಮಿಕರು ಹತ್ತು ಜನ ಒಟ್ಟಿಗೆ ನಿಂತರೆ ನನ್ನ ಕಾನ್‌ಸ್ಟೆಬಲ್‌ಗಳಿಗೆ ಅದೇ ನೆನಪಾಗುತ್ತದೆ.

ಏಳನೇ ಅಧ್ಯಾಯ ಪೂರ್ತಿ ಬೆರಳಚ್ಚಿನ ಜಗಳ. ಸತ್ತವನ ತಗಡಿನ ಪೆಟ್ಟಿಗೆಯ ಮೇಲೆ ಯಾರದ್ದೋ ಗುರುತು ಸಿಗುತ್ತದೆ. ಶೆಡ್ಡಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೆರಳಚ್ಚು ತಗೊಳ್ಳೋಣ ಅಂತ ಶರಣಪ್ಪ. ಬೇಡ ಅಂತ ಸೆಲ್ವರಾಜು. ಈ ಸೆಲ್ವರಾಜು ಕೆಜಿಎಫ್‌ನವನು. ಚಿನ್ನದ ಗಣಿಗೆ ಬಂದ ತಮಿಳು ಕುಟುಂಬದ ನಾಲ್ಕನೇ ತಲೆಮಾರು. 1930ರಲ್ಲಿ ಅಲ್ಲಿನ ಗಣಿ ಕಾರ್ಮಿಕರು ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಮುಷ್ಕರ ಹೂಡಿದ್ದರು. ನಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸುತ್ತಿದ್ದೀರಾ ಅಂತ ಇವನ ತಾತನೂ ಆವತ್ತು ಕೆಲಸಕ್ಕೆ ಇಳಿಯಲಿಲ್ಲ. ಮುಷ್ಕರ ನಿಜ, ತಾತ ನನ್ನವನು. ಖಾಕಿ ಹಾಕಿಕೊಂಡ ಮೊಮ್ಮಗ ಈಗ ಇಂಕ್ ಪ್ಯಾಡು ಹಿಡಿದು ನಿಲ್ಲಬೇಕು. ಈ ದೃಶ್ಯ ಬರೆಯುವಾಗ ಕೈ ತಾನಾಗಿಯೇ ಓಡಿತು.

ಕಾನೂನೂ ಸೆಲ್ವರಾಜು ಕಡೆಗಿದೆ. ಬಂಧಿಸದವರ ಬೆರಳಚ್ಚು ಬೇಕಾದರೆ ಬಿಎನ್‌ಎಸ್‌ಎಸ್ 349ರಡಿ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಅವರು ಕಾರಣ ಬರೆದು ಆದೇಶ ಕೊಡಬೇಕು. ಯುಡಿಆರ್ ಹಾಕಿದ ಕೇಸಿಗೆ ಯಾವ ಮುಖ ಇಟ್ಟುಕೊಂಡು ಕೇಳುವುದು? ಮೊದಲು ಇದು ಕೊಲೆ ಅಂತ ತೋರಿಸಬೇಕು. ನನಗೂ ಅದೇ ಬೇಕಿತ್ತು, ಕಥೆ ತಾನಾಗಿ ಮುಂದಕ್ಕೆ ತಳ್ಳಿಸಿಕೊಂಡಿತು.

ಈಗ ಒಂಬತ್ತನೇ ಅಧ್ಯಾಯಕ್ಕೆ ಡಯಾಟಮ್ ಪರೀಕ್ಷೆ ಓದುತ್ತಿದ್ದೇನೆ. ಡಯಾಟಮ್ ಅಂದರೆ ಕೆರೆ ನೀರಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಬದುಕಿರುವವನು ಮುಳುಗಿದರೆ ನೀರು ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ರಕ್ತದ ಜೊತೆ ಇವು ಮೂಳೆಯ ಮಜ್ಜೆಯವರೆಗೂ ಹೋಗಬಹುದು. ಸತ್ತ ಮೇಲೆ ನೀರಿಗೆ ಹಾಕಿದರೆ ಹೃದಯವೇ ನಿಂತಿರುತ್ತದೆ, ಮಜ್ಜೆಗೆ ಹೋಗುವುದು ಹೇಗೆ? ನನ್ನ ಹುಡುಗ ಸತ್ತದ್ದು ಶೆಡ್ಡಿನ ಹಿಂದಿನ ಸಂಪಿನಲ್ಲಿ. ಅದು ಬೋರ್‌ವೆಲ್ ನೀರು, ಮೇಲೆ ಚಪ್ಪಡಿ, ಬೆಳಕು ಬೀಳುವುದಿಲ್ಲ. ಅಲ್ಲಿ ಡಯಾಟಮ್ ಸಿಗುವುದು ಕಷ್ಟ. ಕೆರೆಯಲ್ಲಿ ಮುಳುಗಿದ ಅಂತ ಬರೆದ ದೇಹದ ಮಜ್ಜೆಯಲ್ಲಿ ಏನೂ ಇಲ್ಲ ಅಂತ ವರದಿ ಬಂದರೆ ಶರಣಪ್ಪ ತಲೆ ಕೆರೆದುಕೊಳ್ಳಲೇಬೇಕು. ಇದೊಂದನ್ನೇ ನಂಬಿ ಕೋರ್ಟಿಗೆ ಹೋದರೆ ವಕೀಲರು ಬಿಡುವುದಿಲ್ಲ. ನಿಜವಾಗಿ ಮುಳುಗಿದವರಲ್ಲೂ ಕೆಲವೊಮ್ಮೆ ಡಯಾಟಮ್ ಸಿಗುವುದಿಲ್ಲ. ಹಾಗಾಗಿ ಮಾತಾಡುವ ಸಾಕ್ಷಿಯೂ ಬೇಕು, ಮೇಸ್ತ್ರಿ ಇಲ್ಲದ ಜಾಗದಲ್ಲಿ. ಭಾನುವಾರದ ಸಂತೆ ಸರಿಹೋಗಬಹುದು.

ಹತ್ತನೇ ಅಧ್ಯಾಯದಲ್ಲಿ ಮೇಸ್ತ್ರಿ ಸಂಪು ತೊಳೆಸುತ್ತಾನೆ. ಸೆಲ್ವರಾಜು ಅದಕ್ಕೆ ಮೊದಲೇ ಬಾಟಲಿಯಲ್ಲಿ ನೀರು ತುಂಬಿಸಿಕೊಳ್ಳಲಿ ಅಂತ ಒಂದು ಮನಸ್ಸು, ಒಂದು ದಿನ ತಡವಾಗಿ ಹೋಗಲಿ ಅಂತ ಇನ್ನೊಂದು. ಎರಡನ್ನೂ ಬರೆದು ನೋಡುತ್ತೇನೆ.